ಹೂವಿನ ದಿನ ಹುರಿದ ಕಾಫಿ

ಈಗೀಗ ನನಗೆ ವಾಸನೆ ಬರುವುದು ಕನಸಿನಲ್ಲಿ ಮಾತ್ರ. ಎರಡು ವರ್ಷದ ಹಿಂದೆ ಒಂದು ಜ್ವರ ಬಂತು, ವಾರ ಮಲಗಿಸಿತು, ಹೋಗುವಾಗ ಮೂಗಿನ ಶಕ್ತಿಯನ್ನೂ ಎತ್ತಿಕೊಂಡು ಹೋಯಿತು. ಡಾಕ್ಟರು, "ಬರುತ್ತೆ ಬಿಡಿ ಮೇಡಂ, ಯಾಕೆ ಅವಸರ" ಅಂದರು. ಬಂದಿಲ್ಲ. ಹಾಸನದ ಮನೆಯಲ್ಲಿ ಸಾರಿಗೆ ಇಂಗಿನ ಒಗ್ಗರಣೆ ಹಾಕಿದರೂ ಅಷ್ಟೇ, ಮಲ್ಲಿಗೆ ಮುಡಿದು ಶಾಲೆಗೆ ಹೋದರೂ ಅಷ್ಟೇ, ನನ್ನ ಪಾಲಿಗೆ ಎಲ್ಲವೂ ನೀರು. ಆದರೆ ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯಲ್ಲೇ ಒಂದು ಜೊಂಪು ಹತ್ತುತ್ತದಲ್ಲ, ಆಗ ಎಲ್ಲಿಂದಲೋ ಒಣಗಿದ ಕಾಫಿಹಣ್ಣಿನ ಹುಳಿಸಿಹಿ ವಾಸನೆ ಬರುತ್ತದೆ. ಅದರ ಹಿಂದೆಯೇ ಬಚ್ಚಲೊಲೆಯ ಹೊಗೆ, ಸೀಗೆಪುಡಿ, ದೇವರಗೂಡಿನ ಎಣ್ಣೆಬತ್ತಿ, ಅಟ್ಟದ ಮೇಲಿನ ಗೋಣಿಚೀಲ, ಕೊಟ್ಟಿಗೆಯ ಹಸಿಹುಲ್ಲು ಒಂದೊಂದಾಗಿ ಬಂದು ನಿಲ್ಲುತ್ತವೆ. ಕಣ್ಣು ಮುಚ್ಚಿಯೇ ನಾನು ಹುಟ್ಟಿ ಬೆಳೆದ ಮನೆಯೆಲ್ಲ ಸುತ್ತಿ ಬರುತ್ತೇನೆ. ಯಾರಾದರೂ "ಟೀ ಕುಡೀತೀರಾ" ಎಂದು ಎಬ್ಬಿಸಿದರೆ ಅವರ ಮೇಲೆ ಸಿಟ್ಟು ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ಆ ಮನೆ ಇರುವುದು ಮಗ್ಗೆಯಿಂದ ಸಕಲೇಶಪುರದ ಕಡೆಗೆ ನೆಲ ಮೆಲ್ಲಗೆ ಏರತೊಡಗುವ ದಿಬ್ಬಗಳಲ್ಲಿ. ದೊಡ್ಡ ಎಸ್ಟೇಟಿನವರಲ್ಲ ನಾವು. ಮೂರು ಎಕರೆ ಕಾಫಿ, ಕೆಳಗೆ ಒಂದಿಷ್ಟು ಗದ್ದೆ, ಎರಡು ಹಸು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ಅವ್ವ ಅಂದರೆ ನನ್ನಜ್ಜಿ, ನಾನು, ಮತ್ತೆ ಇನ್ನೂ ತೊಟ್ಟಿಲಲ್ಲಿದ್ದ ತಮ್ಮ. ಅಪ್ಪ ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಅಜ್ಜಿ ಮತ್ತು ಅಮ್ಮ ಸೇರಿ ಆಡಿ ಮುಗಿಸುತ್ತಿದ್ದರು. ಅಬ್ಬಾ, ಆ ಇಬ್ಬರ ಜಗಳ! ಮಜ್ಜಿಗೆಗೆ ನೀರು ಹೆಚ್ಚಾಯಿತು ಎಂದು ಒಂದು ದಿನ, ಪೊರಕೆ ಬಾಗಿಲ ಹಿಂದೆ ಇಡದೆ ಒಲೆ ಪಕ್ಕ ಇಟ್ಟರು ಎಂದು ಇನ್ನೊಂದು ದಿನ. ಹಸುವಿನ ಹಾಲು ಕಡಿಮೆಯಾದರೆ ಅದಕ್ಕೂ ಯಾರೋ ಒಬ್ಬರು ಕಾರಣವಾಗಲೇಬೇಕಿತ್ತು. ಒಬ್ಬರಿಗೊಬ್ಬರು ನೇರವಾಗಿ ಬೈಯುತ್ತಿರಲಿಲ್ಲ, ಅದೊಂದು ಮರ್ಯಾದೆ. ಅಜ್ಜಿ ಹಸುವಿಗೆ ಹೇಳುವಳು, ಅಮ್ಮ ಪಾತ್ರೆಗೆ ಹೇಳುವಳು, ಹಸುವಿನ ಹೆಸರಲ್ಲಿ ಬಂದ ಮಾತಿಗೆ ಪಾತ್ರೆಯ ಸದ್ದಿನಲ್ಲಿ ಉತ್ತರ ಹೋಗುವುದು. ನಾನು ನಡುಮನೆಯ ಹೊಸ್ತಿಲ ಮೇಲೆ ಕೂತು ಅಕ್ಕಿರೊಟ್ಟಿ ತಿನ್ನುತ್ತಾ ಎರಡೂ ಕಡೆ ಕೇಳಿಸಿಕೊಳ್ಳುತ್ತಿದ್ದೆ. ನನಗದು ಬೇಸರದ ಸಂಗತಿಯೇ ಆಗಿರಲಿಲ್ಲ. ಎಲ್ಲರ ಮನೆಯಲ್ಲೂ ಬೆಳಗಾಗುವುದು ಹಾಗೆಯೇ ಎಂದುಕೊಂಡಿದ್ದೆ.

ಜಗಳಕ್ಕೆ ಸಿಗದ ಒಂದೇ ಒಂದು ಕೆಲಸವಿತ್ತು, ಅದು ಕಾಫಿ ಹುರಿಯುವುದು. ಅದು ಅಜ್ಜಿಯದು. ವಾರಕ್ಕೊಮ್ಮೆ, ಶುಕ್ರವಾರ ಮಧ್ಯಾಹ್ನ, ಹಿತ್ತಲ ಮಾಡಿನ ಕೆಳಗಿದ್ದ ಒಲೆಗೆ ಕಬ್ಬಿಣದ ಬಾಣಲೆ ಏರಿಸಿ, ಗಿಡ್ಡ ಮಣೆಯ ಮೇಲೆ ಕಾಲು ಚಾಚಿ ಕೂತು, ಮರದ ಸಟ್ಟುಗದಿಂದ ಬೀಜ ತಿರುವುತ್ತಾ ಹೋಗುವಳು. ಆಗ ಅವಳನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವಂತಿರಲಿಲ್ಲ. ಸುತ್ತಿನ ನಾಲ್ಕೈದು ಮನೆಗಳಲ್ಲಿ ಮದುವೆಯೋ ತಿಥಿಯೋ ಏನೇ ಆಗಲಿ, ಕಾಫಿಪುಡಿ ನಮ್ಮಜ್ಜಿಯ ಬಾಣಲೆಯಿಂದಲೇ ಹೋಗಬೇಕು. ಅವರೇ ಬೀಜ ತಂದುಕೊಟ್ಟು, "ನಿಮ್ಮ ಕೈಯಿಂದ ಹುರಿದುಕೊಡಿ ಅಜ್ಜಮ್ಮ" ಎಂದು ಕೇಳುವಾಗ ಅಜ್ಜಿ ಸೆರಗು ಸರಿಮಾಡಿಕೊಳ್ಳುವ ರೀತಿಯೇ ಬೇರೆ. ಆ ಹೊತ್ತಿನಲ್ಲಿ ಅವಳ ಬೆನ್ನು ಸಹ ಸ್ವಲ್ಪ ನೆಟ್ಟಗಾಗುತ್ತಿತ್ತು. ಇನ್ನೊಂದು ಕಟ್ಟಳೆಯಿತ್ತು. ಬೇಸಿಗೆಯ ಮೊದಲ ಮಳೆ ಬಿದ್ದು, ಎಂಟೊಂಬತ್ತು ದಿನಕ್ಕೆ ಕಾಫಿ ಗಿಡ ಹೂ ಬಿಟ್ಟಿತೆಂದರೆ, ಆ ಹೂವಿನ ಮೂರು ದಿನ ನಮ್ಮ ಮನೆಯಲ್ಲಿ ಬೀಜ ಹುರಿಯುವಂತಿಲ್ಲ. ಯಾಕೆ ಎಂದು ಕೇಳಿದರೆ ಅಜ್ಜಿ, "ಹೂ ನೋಡ್ತಾ ಇರೋವಾಗ ಬೀಜ ಸುಟ್ರೆ ಅದುಕ್ಕೆ ನೋಯಾಕಿಲ್ವೇನೆ?" ಅನ್ನುವಳು. ಅವಳ ಅತ್ತೆ ಅವಳಿಗೆ ಹೇಳಿದ್ದು, ಆ ಅತ್ತೆಗೆ ಅವರತ್ತೆ ಹೇಳಿದ್ದು, ಅಷ್ಟೇ.

ಅಜ್ಜಿ ಹುರಿಯುವಾಗ ಅಮ್ಮ ಅಡುಗೆಮನೆಯ ಹಿತ್ತಲ ಕಿಟಕಿಯ ಬಳಿ ಏನಾದರೂ ಕೆಲಸ ಮಾಡುತ್ತಿದ್ದಳು. ಅವಳಿಗೆ ಹೊಗೆ ಆಗುತ್ತಿರಲಿಲ್ಲ, ಕೆಮ್ಮು ಬರುತ್ತಿತ್ತು. ಒಂದು ಸಲ ಅಪ್ಪ ಸಕಲೇಶಪುರದಿಂದ ಕೆಮ್ಮಿನ ಔಷಧಿ ತಂದರು. ಅಮ್ಮ ಅದರ ಮುಚ್ಚಳವನ್ನೇ ತೆಗೆಯಲಿಲ್ಲ. ಅಪ್ಪ ಬೇಜಾರು ಮಾಡಿಕೊಂಡಾಗ ಅಜ್ಜಿ ಎಲೆಯಡಿಕೆ ಕುಟ್ಟುತ್ತಾ ಹೇಳಿದ ಮಾತು ನನಗಿನ್ನೂ ನೆನಪಿದೆ:

"ಅವಳ ಕೆಮ್ಮು ಔಷ್ದಿಗೆ ಹೋಗೋ ಕೆಮ್ಮಲ್ಲ, ಸುಮ್ಕಿರೋ."

ಅದನ್ನೂ ನಾನು ಜಗಳದ ಲೆಕ್ಕಕ್ಕೇ ಸೇರಿಸಿಕೊಂಡೆ.

ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗಿನ ಮಾತು. ಆ ವರ್ಷ ಹೂಮಳೆ ಸರಿಯಾಗಿ ಬಿತ್ತು. ಮಣ್ಣು ನೆಂದು, ಗಿಡದ ಕಣ್ಣುಕಣ್ಣಿನಲ್ಲಿ ಮೊಗ್ಗು ಉಬ್ಬಿ ಬೆಳ್ಳಗಾಗತೊಡಗಿತು. ಅಜ್ಜಿ ದಿನಕ್ಕೊಂದು ಹುಣಸೆಬೀಜ ಕಿಟಕಿಯ ಕಟ್ಟೆ ಮೇಲೆ ಇಡುತ್ತಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ, ಅಜ್ಜಿಯಂದಿರು ಏನೇನೋ ಇಡುತ್ತಾರೆ. ಒಂಬತ್ತನೆಯ ಬೆಳಿಗ್ಗೆ, ಇನ್ನೂ ಬೆಳಕು ಹರಿದಿರಲಿಲ್ಲ, ಅವಳ ಪಕ್ಕದಲ್ಲೇ ಮಲಗಿದ್ದ ನನ್ನನ್ನು ಅಲುಗಾಡಿಸಿದಳು.

"ಆಹಾ! ಏನ್ ಘಮ ಅಂತೀಯ! ಹೂ ಬುಟ್ಟೈತೆ ಕಣೆ ಚಂದ್ರಿ, ಏಳು, ಏಳು."

ನಾನು ಮೂಗೆಳೆದೆ. ಬಚ್ಚಲೊಲೆಯ ಹೊಗೆ ಬಂತು. ಕೊಟ್ಟಿಗೆಯ ಸಗಣಿ ಬಂತು. ಹೂವಿನ ಸುಳಿವಿಲ್ಲ. ಕಂಬಳಿ ಒದ್ದು ಹೊರಗೆ ಓಡಿದೆ. ಬೆಳಕು ಮೂಡುವವರೆಗೆ ತೋಟದ ದಾರಿಗೆ ಅಡ್ಡ ಹಾಕಿದ ಉಣುಗೋಲಿನ ಮೇಲೆ ಕೂತಿದ್ದು ನೋಡಿದರೆ, ಮೊಗ್ಗುಗಳೆಲ್ಲ ಬಾಯಿ ಬಿಗಿದುಕೊಂಡೇ ಇವೆ. ಆ ವಾರ ಮೋಡ ಕವಿದು ಚಳಿ ಹಿಡಿದಿತ್ತಲ್ಲ, ಹೂ ತಡವಾಗಿತ್ತು. ಅವು ಅರಳಿದ್ದು ಮತ್ತೆರಡು ದಿನ ಕಳೆದು. ಆ ಬೆಳಿಗ್ಗೆಯ ಘಮಕ್ಕೆ ನಾನು ತಾನಾಗಿ ಎಚ್ಚರಗೊಂಡೆ. ಮನೆಯೊಳಗೆ ಯಾರೋ ಹಾಲು ಮತ್ತು ಮಲ್ಲಿಗೆ ಕಲಸಿ ಚೆಲ್ಲಿದಂತೆ ಇತ್ತು. ಪಕ್ಕದಲ್ಲಿ ಅಜ್ಜಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಪಾಪ, ಅವಳ ಹೊಗಳಿಕೆ ಎರಡು ದಿನ ಮೊದಲೇ ಮುಗಿದುಹೋಗಿತ್ತು.

ಮಕ್ಕಳಿಗೆ ದಯೆ ಕಡಿಮೆ. ನಾನು ಅವಳನ್ನು ಪರೀಕ್ಷೆ ಮಾಡಿದೆ. ಆ ಮಧ್ಯಾಹ್ನ ಅಜ್ಜಿ ಜಗಲಿಯ ಕಂಬಕ್ಕೊರಗಿ ತೂಕಡಿಸುತ್ತಿದ್ದಾಗ ಇಂಗಿನ ಡಬ್ಬಿಯ ಮುಚ್ಚಳ ತೆಗೆದು ಅವಳ ಮೂಗಿನ ಕೆಳಗೇ ಹಿಡಿದೆ. ಅಜ್ಜಿ ಕಣ್ಣು ಬಿಟ್ಟು ಡಬ್ಬಿ ನೋಡಿ ಕೇಳಿದಳು:

"ಏನೇ ಅದು, ಸಕ್ರೆ ಕದ್ಕೊಂಡ್ ಬಂದ್ಯಾ?"

ನನಗೆ ನಗು ಬಂತು. ನಗುವಿನ ನಡುವೆಯೇ ಅಜ್ಜಿಯ ಮುಖ ನೋಡಿದೆ. ಅವಳು ಡಬ್ಬಿಯನ್ನು ಗುರುತು ಹಿಡಿದಿದ್ದಳು. ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಒಳಗೆ ಅಮ್ಮ ತಮ್ಮನಿಗೆ ಸ್ನಾನ ಮಾಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ಅಜ್ಜಿ ದನಿ ತಗ್ಗಿಸಿದಳು.

"ನನ್ ಮೂಗು ಹೋಗ್ಬುಟ್ಟೈತೆ ಕಣವ್ವ. ಹೋದ್ ದೀಪಾವಳಿಯಿಂದ. ಯಾರಿಗೂ ಹೇಳ್ಬೇಡ."

"ಹೇಳಿದ್ರೆ ಏನಾಗುತ್ತೆ?"

"ಏನಾಯ್ತದೆ? ಬಾಣ್ಲೆ ಇಸ್ಕೊತಾರೆ. ನಿಮ್ ರತ್ನತ್ತೆ ಪ್ಯಾಟೆ ಪುಡಿ ತಂದ್ ಮಡಗ್ತಾಳೆ. ಆಮ್ಯಾಕೆ ನಾನು ಮೂಲೇಲಿ ಕುಂತು ಉಣ್ಣೋದು, ಮನಿಕ್ಕಳದು. ಅಷ್ಟೆಯ."

ರತ್ನತ್ತೆ ಅಜ್ಜಿಯ ಮಗಳು, ಅಪ್ಪನ ತಂಗಿ. ಸಕಲೇಶಪುರದ ಪೇಟೆಯಲ್ಲಿ ಮನೆ. ಕೆಟ್ಟವಳಲ್ಲ, ಅವ್ವನ ಮೇಲೆ ಜೀವವೇ ಇಟ್ಟುಕೊಂಡಿದ್ದಳು. ಬಂದಾಗಲೆಲ್ಲ "ಈ ವಯಸ್ಸಿನಲ್ಲಿ ಒಲೆ ಮುಂದೆ ಯಾಕವ್ವ ಬೇಯ್ತೀಯ, ಅಂಗಡೀಲಿ ಚಿಕೋರಿ ಹಾಕಿದ ಪುಡಿ ಚೆನ್ನಾಗಿ ಸಿಗುತ್ತೆ" ಅನ್ನುವಳು. ಅವಳ ಆ ಪ್ರೀತಿಗೇ ಅಜ್ಜಿ ಹೆದರುತ್ತಿದ್ದಳು. ನನಗೆ ಚಿಕೋರಿ ಏನೆಂದು ತಿಳಿಯದಿದ್ದರೂ ಮೂಲೆಯಲ್ಲಿ ಕೂರುವುದು ಏನೆಂದು ತಿಳಿದಿತ್ತು. ಶಾಲೆಯಲ್ಲಿ ನನ್ನನ್ನೂ ಕೂರಿಸುತ್ತಿದ್ದರು. ಹೇಳುವುದಿಲ್ಲ ಎಂದು ಅಜ್ಜಿಯ ಅಂಗೈ ಮೇಲೆ ಕೈಯಿಟ್ಟೆ. ಅಂದಿನಿಂದ ನಾನು ಅಜ್ಜಿಯ ಮೂಗಾದೆ.

ಆಮೇಲಿನ ಒಂದು ವರ್ಷದ ಶುಕ್ರವಾರಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಶಾಲೆಯಿಂದ ಓಡಿಬಂದು ಚೀಲ ಎಸೆದು ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಬಿಸಿಲು ಮಾಡಿನ ತೂತುಗಳಿಂದ ಇಳಿದು ಹೊಗೆಯಲ್ಲಿ ಕೋಲುಕೋಲಾಗಿ ನಿಲ್ಲುತ್ತಿತ್ತು. ಅಜ್ಜಿಗೆ ಕಣ್ಣಿನಲ್ಲೂ ಪೊರೆ ಬರತೊಡಗಿತ್ತು. ಕಣ್ಣು ಚೆನ್ನಾಗಿದ್ದರೂ ಮಸಿ ಹಿಡಿದ ಬಾಣಲೆಯಲ್ಲಿ ಬಣ್ಣ ನಂಬಬಾರದು ಎಂದೇ ಅವಳು ಹೇಳುತ್ತಿದ್ದಳು. ಕಿವಿ ಚುರುಕಾಗಿತ್ತು, ಬೀಜ ಚಟಪಟ ಅನ್ನುವುದು ಅವಳಿಗೇ ಮೊದಲು ಕೇಳುತ್ತಿತ್ತು. ಆದರೆ ಚಟಪಟ ಶುರುವಾದ ಮೇಲೆ ಹದಕ್ಕೂ ಸೀಯುವುದಕ್ಕೂ ನಡುವೆ ಇರುವುದು ಹತ್ತಿಪ್ಪತ್ತು ಉಸಿರು ಮಾತ್ರ. ಅಲ್ಲಿ ಕಿವಿ ಸಾಲದು, ಮೂಗೇ ಬೇಕು. ಅವಳು ಒಮ್ಮೆ ತನ್ನ ಮೂಗಿನಲ್ಲಿ ಹಿಡಿದಿಟ್ಟಿದ್ದ ವಾಸನೆಗಳನ್ನೆಲ್ಲ ಈಗ ಮಾತಿನಲ್ಲಿ ನನಗೆ ದಾಟಿಸುತ್ತಿದ್ದಳು. ಮೊದಲು ನೆಂದ ಗೋಣಿಯ ವಾಸನೆ ಬರುತ್ತದೆ, ಅದಕ್ಕೆ ಹೆದರಬೇಡ. ಆಮೇಲೆ ರೊಟ್ಟಿ ಸುಡುವ ವಾಸನೆ. ಆಮೇಲೆ ಹುರಿದ ಕಡಲೆಕಾಯಿ. ಆಮೇಲೆ ಬೆಲ್ಲದ ಪಾಕ ಏಳುತ್ತದಲ್ಲ, ಅಂಥದ್ದು. ಬೆಲ್ಲದ ಬೆನ್ನಿಗೇ ಒಂದು ಒಗರು ಬರುತ್ತದೆ, ಆ ಒಗರು ಮೂಗಿಗೆ ತಾಕುವ ಮೊದಲೇ ಬಾಣಲೆ ಇಳಿಸಬೇಕು.

"ಏನಂತೈತೆ?"

"ರೊಟ್ಟಿ."

"ಈಗ?"

"ಕಡ್ಲೆಕಾಯಿ. ಇಲ್ಲಜ್ಜಿ, ತಡಿ, ಬೆಲ್ಲ. ಬೆಲ್ಲ ಬಂತು!"

ಸರಿಯಾಗಿ ಆ ಹೊತ್ತಿಗೆ ಕಿಟಕಿಯ ಒಳಗೆ ಅಮ್ಮ ಕೆಮ್ಮುವಳು. ಅಜ್ಜಿ ಸೆರಗಿನಿಂದ ಹಿಡಿ ಹಿಡಿದು ಬಾಣಲೆ ಎತ್ತಿ ಬೀಜವನ್ನು ಮೊರಕ್ಕೆ ಸುರಿಯುವಳು. "ಎಂಥಾ ಮೂಗು ಕಣೆ ನಿಂದು!" ಎಂದು ಕೆನ್ನೆ ಹಿಂಡುವಳು. ನನಗೆ ಊರಲ್ಲೇ ನನ್ನಂಥ ಮೂಗಿಲ್ಲ ಎಂಬ ಸೊಕ್ಕು ಬಂದಿತ್ತು. ಲೆಕ್ಕದಲ್ಲಿ ಹಿಂದೆ, ಓಟದಲ್ಲಿ ಹಿಂದೆ, ಹಾಡಲು ಹೋದರೆ ಮೇಷ್ಟರು ಸಾಕು ಕೂತ್ಕೊ ಅನ್ನುತ್ತಿದ್ದರು. ಅಂಥವಳಿಗೆ ಒಂದು ಗುಟ್ಟಿನ ಉದ್ಯೋಗ ಸಿಕ್ಕಿತ್ತು. ನನ್ನಿಂದ ಒಬ್ಬರ ಕೆಲಸ ನಡೆಯುತ್ತಿದೆ ಎನ್ನುವುದು ಆ ವಯಸ್ಸಿಗೆ ಎಷ್ಟು ದೊಡ್ಡ ಸಂಗತಿ! ನಾನು ಮೇಡಂ ಆದಮೇಲೆ ತರಗತಿಯ ಹಿಂದಿನ ಬೆಂಚಿನವರಿಗೆ ಏನಾದರೊಂದು ಜವಾಬ್ದಾರಿ ಹುಡುಕಿ ಕೊಡುವ ಅಭ್ಯಾಸ ಬಂದದ್ದು ಆ ಒಲೆಯ ಮುಂದಿನಿಂದಲೇ ಇರಬೇಕು.

ಮರುವರ್ಷ ಕೆಳಮನೆಯ ಶಿವಣ್ಣನವರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಐದು ಸೇರು ಬೀಜ ತಂದು ಜಗಲಿಯಲ್ಲಿಟ್ಟು, "ನಿಮ್ಮ ಕೈಯಿಂದ್ಲೇ ಆಗ್ಬೇಕು ಅಜ್ಜಮ್ಮ" ಎಂದು ಹೋದರು. ಅಜ್ಜಿ ಒಪ್ಪಿಕೊಂಡಾಗ ಹೂಮಳೆ ಇನ್ನೂ ಬಿದ್ದಿರಲಿಲ್ಲ. ಆಮೇಲೆ ಬಿತ್ತು. ಲೆಕ್ಕ ಹಾಕಿದರೆ ಗೃಹಪ್ರವೇಶದ ಹಿಂದಿನ ದಿನವೇ ಹೂವಿನ ದಿನ! ಮೊದಲೇ ಹುರಿದಿಟ್ಟರೆ ಪುಡಿ ಮಂಕಾಗುತ್ತದೆ ಎಂದು ಅಜ್ಜಿಗೆ ಹಟ. ಆ ವಾರದಲ್ಲೇ ಅಮ್ಮನ ಅಣ್ಣನಿಗೆ ಮೈ ಹುಷಾರಿಲ್ಲವೆಂದು ಸುದ್ದಿ ಬಂದು, ಅಮ್ಮ ತಮ್ಮನನ್ನು ಎತ್ತಿಕೊಂಡು ಹೆಗ್ಗದ್ದೆಯ ತವರಿಗೆ ಹೋದಳು. ಹೋಗುವಾಗ ಮೂರು ಸಲ ಹಿಂದಿರುಗಿ ಬಂದಳು, ಒಮ್ಮೆ ಕೊಡೆ ಮರೆತೆ ಎಂದು, ಒಮ್ಮೆ ಹಾಲಿನ ಪಾತ್ರೆ ಮುಚ್ಚಿಲ್ಲ ಎಂದು. ಮೂರನೆಯ ಸಲ ಬಾಗಿಲಲ್ಲಿ ನಿಂತು ಗೋಡೆಗೆ ಹೇಳುವಂತೆ ಹೇಳಿದಳು:

"ನಾನು ಬಂದ್ಮೇಲೆ ಹುರಿದ್ರಾಗಲ್ವಾ ಅತ್ತೆ?"

"ಯಾಕೆ, ನೀನ್ ಬಂದು ಸೌದೆ ಹಚ್ಬೇಕಾ? ಹೋಗ್ ಬಾ ತಾಯಿ, ಬಸ್ಸು ಹೊಂಟೋಯ್ತದೆ."

ಹೂವಿನ ದಿನ ಬೆಳಗಾಯಿತು. ಮನೆಯ ಸುತ್ತ ಮೂರು ಎಕರೆ ಬೆಳ್ಳಗೆ ಸುರಿದುಕೊಂಡು ನಿಂತಿತ್ತು. ಜೇನುಹುಳಗಳ ಗುಂಯ್ ಸದ್ದಿಗೆ ಗಾಳಿಯೇ ನಡುಗುತ್ತಿತ್ತು. ನಾನು ಎದ್ದಾಗಿನಿಂದ ನೆಲದ ಮೇಲೆ ಇರಲಿಲ್ಲ. ಅಂಗಳಕ್ಕೆ ಬಂದರೆ ಘಮ, ಬಾವಿಗೆ ಹೋದರೆ ಘಮ, ತಟ್ಟೆಯ ರೊಟ್ಟಿಗೂ ಅದೇ ಘಮ. ತಲೆ ತುಂಬಾ ಸಿಹಿ ಮಂಜು ಕವಿದಂತಾಗಿ ಎಲ್ಲಿ ಕೂತರೂ ಕಣ್ಣು ಮುಚ್ಚಿಬರುತ್ತಿತ್ತು. ಗೃಹಪ್ರವೇಶಕ್ಕೆಂದು ರತ್ನತ್ತೆ ಬೆಳಗಿನ ಬಸ್ಸಿಗೇ ಬಂದಿದ್ದಳು, ಕೈಯಲ್ಲಿ ಪೇಟೆ ಪುಡಿಯ ಎರಡು ಪೊಟ್ಟಣ.

"ಹೂವಿನ ದಿನ ಹುರಿಯಲ್ಲ ಅಲ್ವೇನವ್ವ ನೀನು? ಅದಕ್ಕೇ ತಂದೆ. ಶಿವಣ್ಣನಿಗೆ ನಾನೇ ಹೇಳ್ತೀನಿ."

ಅಜ್ಜಿ ಪೊಟ್ಟಣ ನೋಡಿದಳು. ನನ್ನನ್ನು ನೋಡಿದಳು. ಏಳು ತಲೆಮಾರಿನ ಕಟ್ಟಳೆ ಒಂದು ಕಡೆ, ಮೂಲೆ ಒಂದು ಕಡೆ. "ಕೊಟ್ಟ ಮಾತು ಕೊಟ್ಟಿದ್ದೆಯ" ಎಂದು ಎದ್ದು ಬಾಣಲೆ ತೆಗೆದಳು. ಆ ಕಟ್ಟಳೆ ಯಾಕಿತ್ತೆಂದು ಈಗ ನನಗೆ ಗೊತ್ತು. ಹೂವಿಗೆ ನೋವಾಗುತ್ತದೆ ಎಂದಲ್ಲ. ಆ ಘಮದೊಳಗೆ ಬಾಣಲೆಗೇ ಮೂಗು ಒಡ್ಡದೆ ಬೇರೊಂದು ವಾಸನೆಯ ಹದ ಹಿಡಿಯಲು ಯಾವ ಮನುಷ್ಯರಿಂದಲೂ ಆಗುವುದಿಲ್ಲ. ಮೂಗು ಇದ್ದ ಕಾಲದಲ್ಲಿ ಅಜ್ಜಿಗೆ ಅದು ತಿಳಿದಿತ್ತೋ ಏನೋ, ಆದರೆ ಈಗ ಅವಳ ಪಾಲಿಗೆ ಹೂವೂ ಒಂದೇ, ಹೊಗೆಯೂ ಒಂದೇ. ನನಗಂತೂ ಏನೂ ತಿಳಿದಿರಲಿಲ್ಲ.

ಐದು ಸೇರು ಬೀಜ, ದೊಡ್ಡ ಬಾಣಲೆ. ಅಜ್ಜಿ ತಿರುವಿದಳು, ತಿರುವಿದಳು. "ಏನಂತೈತೆ?" ಅಂದಳು. ನನಗೆ ಗೋಣಿ ಬರಲಿಲ್ಲ, ರೊಟ್ಟಿ ಬರಲಿಲ್ಲ. ಬರೀ ಹೂವು. ಚಟಪಟ ಶುರುವಾಯಿತು. ಅಜ್ಜಿ ಮತ್ತೆ ಕೇಳಿದಳು. "ಇನ್ನೂ ಇಲ್ಲಜ್ಜಿ, ಬೆಲ್ಲ ಬಂದಿಲ್ಲ" ಅಂದೆ. ಗೊತ್ತಾಗುತ್ತಿಲ್ಲ ಎಂದು ಹೇಳಬಹುದಿತ್ತು. ಊರಲ್ಲೇ ನನ್ನಂಥ ಮೂಗಿಲ್ಲ ಎಂಬ ಸೊಕ್ಕು ಹೇಳಲು ಬಿಡಲಿಲ್ಲ. ಕಿಟಕಿಯ ಒಳಗೆ ಯಾರೂ ಇರಲಿಲ್ಲ. ಕೆಮ್ಮೂ ಇರಲಿಲ್ಲ. ಸಿಹಿ ಸಿಹಿ ಎಂದು ಕಾಯುತ್ತಾ ಕೂತೆ. ಮೊದಲು ಗೊತ್ತಾದದ್ದು ಒಳಗಿನ ರತ್ನತ್ತೆಗೆ.

"ಅವ್ವಾ! ಸೀದು ಹೋಯ್ತಲ್ಲೇ!"

ಅಜ್ಜಿ ಬಾಣಲೆ ಇಳಿಸಿದಳು. ರಾಶಿ ಬೀಜ ಇಳಿಸಿದ ಮೇಲೂ ತನ್ನ ಕಾವಿನಲ್ಲೇ ಸುಡುತ್ತಾ ಹೋಯಿತು. ಗೋಣಿಯ ಮೇಲೆ ಹರಡಿದಾಗ ಬಿಸಿಲಿಗೆ ಕಂಡದ್ದು ಇದ್ದಿಲು. ಅಜ್ಜಿ ಒಂದು ಬೀಜ ಕಚ್ಚಿ, ಅಗಿದು, ಉಗಿಯದೆ ನುಂಗಿದಳು. ಮಣೆಯ ಮೇಲೆ ಕೂತವಳು ಏಳಲಿಲ್ಲ. ರತ್ನತ್ತೆ ಬೈಯಲೂ ಇಲ್ಲ, ಅದೇ ಕಷ್ಟವಾಗಿದ್ದು. ಅವ್ವನ ಹೆಗಲ ಮೇಲೆ ಕೈಯಿಟ್ಟು, "ಸಾಕು ಬಿಡವ್ವ, ಎಷ್ಟು ದಿನ ಅಂತ ಮಾಡ್ತೀಯ" ಅಂದಳು. ನಾನು ಕೊಟ್ಟಿಗೆಗೆ ಹೋಗಿ ಹುಲ್ಲಿನೊಳಗೆ ಮುಖ ಹುದುಗಿಸಿ ಅತ್ತೆ. ಅಜ್ಜಿಯನ್ನು ಮೂಲೆಗೆ ಕೂರಿಸಿದವಳು ನಾನೇ.

ಮಧ್ಯಾಹ್ನ ಮೂರರ ಬಸ್ಸಿಗೆ ಅಮ್ಮ ಬಂದಳು. ಉಣುಗೋಲು ದಾಟುವಾಗಲೇ ಅವಳ ಹೆಜ್ಜೆ ನಿಂತದ್ದನ್ನು ಕೊಟ್ಟಿಗೆಯಿಂದ ನೋಡಿದೆ. ತಮ್ಮನನ್ನು ಜಗಲಿಯಲ್ಲಿ ಕೂರಿಸಿ ನೇರವಾಗಿ ಹಿತ್ತಲಿಗೆ ಬಂದಳು. ಕರಕಲಾದ ಬೀಜ, ಪೊಟ್ಟಣ ಹಿಡಿದ ರತ್ನತ್ತೆ, ಮಣೆಯ ಮೇಲಿನ ಅಜ್ಜಿ, ಎಲ್ಲವನ್ನೂ ಒಂದು ಸಲ ನೋಡಿದಳು. ಅಮ್ಮನಿಗೆ ಇವತ್ತು ಹಬ್ಬ ಎಂದುಕೊಂಡೆ. ಎಷ್ಟು ವರ್ಷದ ಮಜ್ಜಿಗೆ, ಎಷ್ಟು ವರ್ಷದ ಪೊರಕೆ! ಅಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ಶಿವನೇ! ನನ್ ತಪ್ಪು ರತ್ನ. ಹೋಗೋ ಅವಸರದಲ್ಲಿ ಬೇರೆ ಚೀಲ ಇಟ್ಟೋಗ್ಬುಟ್ಟೆ. ಅದು ಮಳೇಲಿ ನೆಂದು ಕಪ್ಪಾಗಿದ್ದ ಬೀಜ. ಅದನ್ನ ಯಾರು ಹುರಿದ್ರೂ ಇಷ್ಟೆಯ, ಅತ್ತೆ ಏನ್ ಮಾಡ್ತಾರೆ ಪಾಪ. ಒಳ್ಳೇದು ಅಟ್ಟದ ಮೇಲೈತೆ."

ಸುಳ್ಳು. ಶಿವಣ್ಣನವರ ಚೀಲವನ್ನು ಜಗಲಿಯಿಂದ ಎಳೆದು ತಂದವಳು ನಾನು. ಅಟ್ಟದ ಮೇಲಿದ್ದದ್ದು ನಮ್ಮ ಮನೆಯ ವರ್ಷದ ಬೀಜ. ರತ್ನತ್ತೆಗೆ ಸಿಟ್ಟು ಬಂತು. "ನೋಡಿ ಇಡಬಾರದಾ ಅತ್ತಿಗೆ, ನಾಲ್ಕು ಜನರ ಮುಂದೆ ನಮ್ಮವ್ವನ ಮರ್ಯಾದೆ ಏನಾಗ್ತಿತ್ತು" ಎಂದು ಶುರುಮಾಡಿದವಳು ಹತ್ತು ನಿಮಿಷ ನಿಲ್ಲಿಸಲಿಲ್ಲ. ಒಂದು ಮಾತಿಗೆ ನಾಲ್ಕು ಮಾತು ಕೊಡುವ ನಮ್ಮಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿ ಅಟ್ಟ ಹತ್ತಿದಳು.

ಸಂಜೆಯ ಬಿಸಿಲಿನಲ್ಲಿ ಮತ್ತೆ ಒಲೆ ಹತ್ತಿತು. ಹೂವಿನ ಘಮ ಇನ್ನೂ ಹಾಗೇ ಇತ್ತು. ನಾನು ಅಜ್ಜಿಯ ಪಕ್ಕ ಕೂರಲು ಹೆದರಿ ಬಾವಿಕಟ್ಟೆಯ ಬಳಿ ನಿಂತೆ. ಅಜ್ಜಿ ನನ್ನನ್ನು ಕರೆಯಲೂ ಇಲ್ಲ, ಏನಂತೈತೆ ಎಂದು ಕೇಳಲೂ ಇಲ್ಲ. ಅಮ್ಮ ಇವತ್ತು ಕಿಟಕಿಯ ಒಳಗಿರಲಿಲ್ಲ. ಅಜ್ಜಿಯ ಬೆನ್ನ ಹಿಂದೆಯೇ ಬಂದು, ಬಾಣಲೆಯ ಮೇಲೆ ಬಗ್ಗಿದಂತೆ ನಿಂತು, ಸೌದೆ ಮುಂದೂಡುವ ನೆಪ ಮಾಡುತ್ತಿದ್ದಳು. ಬೀಜ ಚಟಪಟ ಅಂದಿತು. ಸ್ವಲ್ಪ ಹೊತ್ತಿಗೆ ಅಮ್ಮ ಕೆಮ್ಮಿದಳು. ಒಂದೇ ಸಲ. ಕೆಮ್ಮಿದ ಕ್ಷಣಕ್ಕೆ ಅಜ್ಜಿ ಬಾಣಲೆ ಎತ್ತಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೊರದಲ್ಲಿ ಹರಡಿದ ಬೀಜ ಹದವಾಗಿ, ಕೆಂಪುಗಪ್ಪಾಗಿ, ಒಂದೇ ಸಮನಾಗಿತ್ತು.

ಬಾವಿಕಟ್ಟೆಯ ಬಳಿ ನಿಂತೇ ನನಗೆ ಎಲ್ಲ ಶುಕ್ರವಾರಗಳೂ ನೆನಪಾದವು. ನಾನು ಬೆಲ್ಲ ಅನ್ನುವುದಕ್ಕೂ ಅಮ್ಮನ ಕೆಮ್ಮಿಗೂ ಎಷ್ಟು ಸಲ ಒಂದೇ ಗಳಿಗೆಯಾಗಿತ್ತು! ಒಮ್ಮೊಮ್ಮೆ ಕೆಮ್ಮು ಕೇಳಿದ ಮೇಲಷ್ಟೇ ನನಗೆ ಬೆಲ್ಲದ ವಾಸನೆ ಬಂದದ್ದೂ ಉಂಟು. ನನ್ನ ಮೂಗಿನ ಸೊಕ್ಕು ಅವತ್ತೇ ಇಳಿಯಿತು. ಅವಮಾನ ಆಗಬೇಕಿತ್ತು, ಆಗಲಿಲ್ಲ. ಬದಲಿಗೆ ಆ ಮನೆಯ ಗೋಡೆಗಳೆಲ್ಲ ಸ್ವಲ್ಪ ಹತ್ತಿರ ಬಂದು ನಿಂತ ಹಾಗೆ ಅನ್ನಿಸಿತು. ರತ್ನತ್ತೆ ಪೊಟ್ಟಣಗಳನ್ನು ವಾಪಸು ತೆಗೆದುಕೊಂಡು ಹೋದಳು. ಗೃಹಪ್ರವೇಶದ ಮರುಬೆಳಿಗ್ಗೆ ಅಜ್ಜಿ ಹಸುವಿನ ಮುಂದೆ ನಿಂತು, "ಈ ಮನೇಲಿ ಮಜ್ಜಿಗೆ ಅಂದ್ರೆ ಬಾವಿ ನೀರು ಕಣೆ ಗೌರಿ" ಅಂದಳು. ಅಡುಗೆಮನೆಯಲ್ಲಿ ಪಾತ್ರೆ ದಡಬಡ ಸದ್ದಾಯಿತು.

ಆಮೇಲೆ ಏಳೆಂಟು ವರ್ಷ ಅಜ್ಜಿಯೇ ಹುರಿದಳು, ಬಾಣಲೆ ಎತ್ತುವಷ್ಟು ಕೈಬಲ ಇರುವವರೆಗೆ. ಅವಳು ಯಾವತ್ತೂ ಮೂಲೆಯಲ್ಲಿ ಕೂರಲಿಲ್ಲ. ಅವಳ ತಿಥಿಯೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಸಂಜೆ ಅಮ್ಮನ ಪಕ್ಕ ಕೂತು ಕೇಳಿದೆ:

"ನಿಂಗೆ ಮೊದ್ಲಿಂದ್ಲೂ ಗೊತ್ತಿತ್ತಾ?"

"ಒಂದೇ ಸೂರಡಿ ಇದ್ಕೊಂಡು ಗೊತ್ತಾಗ್ದೆ ಇರ್ತದಾ? ಅವರಿಗೂ ಗೊತ್ತಿತ್ತು, ನಂಗೆ ಗೊತ್ತು ಅಂತ."

"ಮತ್ತೆ ದಿನಾ ಅಷ್ಟೊಂದು ಜಗಳ ಆಡ್ತಿದ್ರಲ್ಲ?"

ಅಮ್ಮ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

"ಜಗಳ ಬೇರೆ, ಇದು ಬೇರೆ ಕಣೆ."

ಅದಾದ ಮೇಲೆ ಅಮ್ಮ ಹುರಿಯತೊಡಗಿದಳು. ಹೊಗೆ ಅದೇ, ಒಲೆ ಅದೇ, ಆದರೆ ಕೆಮ್ಮು ಮಾತ್ರ ನಿಂತೇಹೋಯಿತು. ಈ ಮಾತನ್ನು ನೆನೆದು ನಾನು ಎಷ್ಟೋ ಸಲ ಒಬ್ಬಳೇ ನಕ್ಕಿದ್ದೇನೆ. ವಯಸ್ಸಾಗುತ್ತಾ ಬಂದಂತೆ ನಗುವಿನ ಜೊತೆ ಇನ್ನೊಂದೂ ಸೇರಿಕೊಂಡಿದೆ. ನಾನು ಗೆದ್ದೆ, ನಾನು ಮಾಡಿದೆ ಎಂದು ಎದೆಯುಬ್ಬಿಸಿಕೊಂಡ ಎಷ್ಟು ಕಡೆ ನನ್ನ ಬೆನ್ನ ಹಿಂದೆ ಯಾರು ಕೆಮ್ಮಿದರೋ! ಕೆಲವರು ಯಾರೆಂದು ಗೊತ್ತು, ಎಷ್ಟೋ ಜನರದ್ದು ಗೊತ್ತೇ ಆಗಲಿಲ್ಲ. ಅವರಿಗೆಲ್ಲ ಎಲ್ಲಿ ಹೋಗಿ ಕೈ ಮುಗಿಯಲಿ?

ಮೂಗು ಹೋದ ಮೇಲೆ ಊರಿಗೆ ಹೋದಾಗಲೆಲ್ಲ ಅಮ್ಮನಿಂದ ಅದನ್ನು ಬಚ್ಚಿಟ್ಟೆ. ಯಾಕೆ ಎಂದು ಕೇಳಿದರೆ ಅಜ್ಜಿಯನ್ನೇ ಕೇಳಬೇಕು. ಹೋದ ಬೇಸಿಗೆ, ಈಗ ತೋಟ ನೋಡಿಕೊಳ್ಳುವ ನನ್ನ ತಮ್ಮ ಫೋನಿನಲ್ಲಿ ಮಳೆ ಬಿದ್ದ ದಿನ ಹೇಳಿದ. ಬಸ್ಸಿನಲ್ಲಿ ಕೂತು ಬೆರಳು ಮಡಚಿ ಲೆಕ್ಕ ಹಾಕಿದೆ. ನಾಳೆಗೆ ಸರಿಯಾಗಿ ಒಂಬತ್ತು. ಬೆಳಿಗ್ಗೆ, ಬೆಳಕು ಹರಿಯುವ ಮೊದಲು, ಅಮ್ಮನ ಪಕ್ಕದ ಹಾಸಿಗೆಯಲ್ಲಿ ಎಚ್ಚರವಾಯಿತು. ಜೋರಾಗಿ ಉಸಿರೆಳೆದುಕೊಂಡು, "ಆಹಾ, ಏನ್ ಘಮ ಅಮ್ಮ!" ಅಂದೆ. ಅಮ್ಮ ನನ್ನ ಕಡೆ ತಿರುಗಿ ಮಲಗಿದಳು. ಬೆಳಕಾದ ಮೇಲೆ ಹಲ್ಲುಜ್ಜುತ್ತಾ ಉಣುಗೋಲಿನ ಬಳಿ ಹೋದೆ. ಮೊಗ್ಗುಗಳೆಲ್ಲ ಬಾಯಿ ಬಿಗಿದುಕೊಂಡೇ ಇದ್ದವು.

ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಬೀಜದ ಮೊರ ತಂದು ನನ್ನ ಮುಂದಿಟ್ಟಳು.

"ನಾಳೆ ನಾಡಿದ್ರಲ್ಲಿ ಹೂ ಬುಟ್ಬುಡ್ತದೆ, ಅಷ್ಟ್ರೊಳ್ಗೆ ವಸಿ ಹುರಿದಿಡ್ಬೇಕು. ನಂಗೆ ರಟ್ಟೆ ನೋವು, ನೀನೇ ಹುರಿ."

"ನಂಗೆ ಅಭ್ಯಾಸ ತಪ್ಪೋಗಿದೆ ಅಮ್ಮ."

"ತಪ್ಪಿದ್ರೆ ಬರ್ತದೆ. ಕುಂತ್ಕೊ."

ಅದೇ ಮಣೆ, ಅದೇ ಬಾಣಲೆ. ಮಾಡಿನ ತೂತಿನಿಂದ ಬಿಸಿಲಿನ ಕೋಲುಗಳು ಇಳಿದಿದ್ದವು. ಬೀಜ ತಿರುವಿದೆ. ಗೋಣಿ ಇಲ್ಲ, ರೊಟ್ಟಿ ಇಲ್ಲ, ಕಡಲೆಕಾಯಿ ಇಲ್ಲ. ಕಿವಿಗೆ ಚಟಪಟ ಕೇಳಿಸಿತು. ಇನ್ನು ಹತ್ತಿಪ್ಪತ್ತು ಉಸಿರು. ಕಣ್ಣು ಮಂಜಾಗಿ ಬಾಣಲೆಯೂ ಕಾಣದಾಯಿತು.

ಬೆನ್ನ ಹಿಂದೆ ಅಮ್ಮ ಕೆಮ್ಮಿದಳು. ನಾನು ಬಾಣಲೆ ಇಳಿಸಿದೆ.